ಮೇಣದ ಕೋಣೆಯಲ್ಲಿ ಸಾರಂಗಿ

ಧಾರವಾಡ ಸ್ಟೇಶನ್ನಿನಿಂದ ಮಾಳಮಡ್ಡಿಯ ಬಂಗಲೆಯವರೆಗೆ ಮೇಣದ ತಟ್ಟೆಗಳ ಪೆಟ್ಟಿಗೆಗಳನ್ನು ಎತ್ತಿನ ಗಾಡಿಯಲ್ಲಿ ತಂದವನು ನಾನು. ದಾರಿ ಹತ್ತು ನಿಮಿಷದ್ದು, ಹಿಡಿದದ್ದು ಒಂದು ತಾಸು. ಗಾಡಿಯವನ ಕೈಯಲ್ಲಿ ಬಾರಕೋಲು ಇರಗೊಡಲಿಲ್ಲ. ಪೆಟ್ಟಿಗೆಗಳ ಮೇಲೆ ಗೋಣಿತಟ್ಟು ಹೊದಿಸಿ, ಅದು ಆರಿದಂತೆಲ್ಲ ನೀರು ಚಿಮುಕಿಸುತ್ತ ಪಕ್ಕದಲ್ಲೇ ನಡೆದೆ.

"ಬಸುರಿ ಹೆಣ್ಮಗಳನ್ನ ತವರಿಗೆ ಕರಕೊಂಡು ಹೊಂಟಂಗ ಹೊಂಟೀರಲ್ರಿ," ಎಂದು ಗಾಡಿಯವ ನಕ್ಕ.

ನಾನು ನಗಲಿಲ್ಲ. ಗ್ರಾಮೋಫೋನಿನ ತಟ್ಟೆ ಆಗ ಹೇಗೆ ತಯಾರಾಗುತ್ತಿತ್ತು ಎಂಬುದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹಾಡುತ್ತಿರುವಾಗಲೇ ಯಂತ್ರದ ಮುಳ್ಳು ಮೇಣದ ದಪ್ಪ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ಆ ಮೇಣ ಕಾರಖಾನೆಗೆ ಹೋಗಿ, ಅದರಿಂದ ತಾಮ್ರದ ಅಚ್ಚು ಆಗಿ, ಅಚ್ಚಿನಿಂದ ಅಂಗಡಿಯ ತಟ್ಟೆಗಳು ಬರುತ್ತವೆ. ಸರಿಯಾಗಿದೆಯೋ ಇಲ್ಲವೋ ಎಂದು ಮೇಣವನ್ನೇ ಒಮ್ಮೆ ನುಡಿಸಿ ನೋಡಿದರೆ ಗೆರೆ ಸವೆದು ಅದು ಕೆಟ್ಟೇ ಹೋಗುತ್ತದೆ. ಆದ್ದರಿಂದ ಹಾಡಿದ ಗಳಿಗೆಯಲ್ಲೇ, ಕಿವಿಯ ನಂಬಿಕೆಯ ಮೇಲೆ, ಇದು ಪಾಸು, ಇದು ನಪಾಸು ಎಂದು ಬರೆಯಬೇಕು. ಬರೆಯುವ ಫಾರ್ಮು ನನ್ನ ಕೈಯಲ್ಲಿತ್ತು.

ಹುಬ್ಬಳ್ಳಿಯಲ್ಲಿ ಗ್ರಾಮೋಫೋನಿನ ಅಂಗಡಿ ಇಟ್ಟಿದ್ದ ಸಾವಕಾರರು ಈ ಕೆಲಸಕ್ಕೆ ನನ್ನನ್ನು ಹಿಡಿದಿದ್ದರು. ಮುಂಬಯಿಯಿಂದ ಬರುವ ಧ್ವನಿಮುದ್ರಣದ ಸಾಹೇಬನಿಗೆ ಇಂಗ್ಲಿಷ್ ಬಲ್ಲವನೊಬ್ಬ ಬೇಕು, ಯಂತ್ರದ ಮಾತು ತಿಳಿಯುವವನಾದರೆ ಇನ್ನೂ ಒಳ್ಳೆಯದು. ನಮ್ಮೂರು ಸುಳ್ಳದಲ್ಲಿ ನನಗಿಂತ ಮೊದಲು ಮ್ಯಾಟ್ರಿಕ್ ದಾಟಿದವರು ಯಾರೂ ಇರಲಿಲ್ಲ. ನಾನು ಬಿ.ಎಸ್ಸಿ. ಪಾಸಾಗಿದ್ದೆ, ಅದೂ ಪದಾರ್ಥ ವಿಜ್ಞಾನದಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ.

ಬಂಗಲೆಯ ನಡುಮನೆಯನ್ನು ಎರಡು ದಿನ ಹಿಡಿದು ಸಜ್ಜು ಮಾಡಿದೆವು. ಗೋಡೆಗೆ ಕಂಬಳಿ ಬಡಿದೆವು, ನೆಲಕ್ಕೆ ಜಮಖಾನೆ ಹಾಸಿದೆವು. ಒಂದು ಮೂಲೆಯಲ್ಲಿ ಸಾಹೇಬನ ಯಂತ್ರ. ತಟ್ಟೆಯನ್ನು ತಿರುಗಿಸುತ್ತಿದ್ದುದು ಮೋಟಾರು ಅಲ್ಲ, ಮೇಲಿನಿಂದ ನಿಧಾನ ಇಳಿಯುವ ಸೀಸದ ಒಂದು ಗುಂಡು, ಬಾವಿಗೆ ಕೊಡ ಬಿಟ್ಟ ಹಾಗೆ. ಏಪ್ರಿಲ್ ಕೊನೆಯ ಬಿಸಿಲು. ಫ್ಯಾನು ಹಾಕಿದರೆ ಸಪ್ಪಳ. ಕೋಣೆ ಕಾದರೆ ಮೇಣ ಮೆತ್ತಗಾಗಿ ಮುಳ್ಳು ಗೆರೆ ಕೊರೆಯುವ ಬದಲು ರಂಟೆ ಹೊಡೆದ ಹಾಗೆ ಉಳುತ್ತದೆ. ಹಾಗಾಗಿ ಕಿಡಕಿ ಬಾಗಿಲುಗಳಿಗೆಲ್ಲ ಲಾವಂಚದ ತಟ್ಟಿ ಕಟ್ಟಿಸಿ, ತಾಸಿಗೊಮ್ಮೆ ನೀರು ಹೊಡೆಯುವ ಏರ್ಪಾಡು ಮಾಡಿದೆ. ಈ ಯುಕ್ತಿ ನನ್ನದೇ. ಒಳಗೆ ಬಂದ ಸಾಹೇಬ ಮೂಗರಳಿಸಿ ಗಾಳಿ ಎಳೆದುಕೊಂಡು ನನ್ನ ಬೆನ್ನು ತಟ್ಟಿದ.

ಹಾಡುವವರು ಆ ಕಾಲಕ್ಕೆ ಧಾರವಾಡದಲ್ಲಿ ಹೆಸರಾಗಿದ್ದ ಗಾಯಕಿ. ಎಲ್ಲರೂ ಅವರನ್ನು ಬಾಯಿಯವರು ಎನ್ನುತ್ತಿದ್ದರು. ಅವರ ಸಂಗಡ ಸಾರಂಗಿ ನುಡಿಸಲು ಬಂದ ಮುದುಕರು ಅವರ ತಾಯಿಗೂ ನುಡಿಸಿದವರು. ಅಷ್ಟರಲ್ಲಾಗಲೇ ನಮ್ಮ ಕಡೆ ಎಲ್ಲ ಬೈಠಕ್ಕುಗಳಲ್ಲೂ ಹಾರ್ಮೋನಿಯಂ, ಅಂದರೆ ಪೇಟಿ, ಕೂತುಬಿಟ್ಟಿತ್ತು. ಸಾವಕಾರರಿಗೂ ಪೇಟಿಯೇ ಬೇಕಾಗಿತ್ತು.

"ಆ ಸಾರಂಗಿ ಅಳೂದು ಯಾರಿಗೆ ಬೇಕ್ರಿ? ಪೇಟಿ ಆದ್ರ ರೆಕಾರ್ಡು ಹೊಡದಾಡಿ ಒಯ್ತಾರ."

ಬಾಯಿಯವರು ಕೇಳಲಿಲ್ಲ. "ಅಜ್ಜಾರು ಒಂದರೆ ರೆಕಾರ್ಡಿನೊಳಗ ಇರಬೇಕು," ಎಂದರು. ಆದರೆ ಅವರು ಆಗಲೇ ಕರಾರಿಗೆ ಸಹಿ ಹಾಕಿದ್ದರು, ಕರಾರಿನಲ್ಲಿ ಸಾರಂಗಿಯ ಮಾತಿರಲಿಲ್ಲ. ಅವರಿಗೆಂದು ಗೊತ್ತುಮಾಡಿದ್ದು ಮೂರು ದಿನ, ನಾಲ್ಕು ಹಾಡು.

ಅಜ್ಜ ನನಗೆ ಮೊದಲ ದಿನವೇ ಹೇಳಿದರು. ಯಾಚನೆಯ ದನಿಯಲ್ಲಿ ಅಲ್ಲ, ಊರಿನ ಹಾದಿ ಹೇಳಿದ ಹಾಗೆ: "ನಲವತ್ತು ವರ್ಷ ನುಡಿಸೇನ್ರಿ. ಎಲ್ಲಾ ಗಾಳಿಗೆ ಹೋತು. ನನ್ನ ಕಡೆ ಕಲಿಯಾಕ ಬಂದ ಹುಡುಗ್ರೆಲ್ಲಾ ಪೇಟಿ ಹಿಡದ್ರು. ಇದೊಂದು ಉಳದ್ರ ಸಾಕು."

ಅವರ ಎಡಗೈ ಉಗುರುಗಳ ಬುಡದಲ್ಲಿ ಗುಳಿ ಬಿದ್ದಿದ್ದವು. ಸಾರಂಗಿಯ ತಂತಿಯನ್ನು ಬೆರಳ ತುದಿಯಿಂದ ಒತ್ತುವುದಿಲ್ಲ, ಉಗುರಿನ ಬುಡದಿಂದ ಸವರುತ್ತಾರೆ.

ವಾದ್ಯದ ರಚನೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದೇ ಕಟ್ಟಿಗೆಯನ್ನು ಕೊರೆದು ಮಾಡಿದ ಪೊಳ್ಳು, ಅದರ ಹೊಟ್ಟೆಗೆ ಬಿಗಿದ ಆಡಿನ ಚರ್ಮ. ಚರ್ಮದ ಮೇಲೆ ಎಲುಬಿನ ಸಣ್ಣ ಕುದುರೆ ನಿಂತಿರುತ್ತದೆ. ಕುದುರೆಯ ತಲೆಯ ಮೇಲೆ ಮೂರು ದಪ್ಪ ತಂತಿಗಳು, ಆಡಿನ ಕರುಳನ್ನು ಹುರಿ ಮಾಡಿದವು, ಅವಕ್ಕೆ ತಾಂತು ಎನ್ನುತ್ತಾರೆ. ಕಮಾನು ಎಳೆಯುವುದು ಇವುಗಳ ಮೇಲೆ ಮಾತ್ರ. ಕುದುರೆಯ ಹೊಟ್ಟೆಯಲ್ಲಿನ ತೂತುಗಳಿಂದ ಮೂವತ್ತೈದು ಉಕ್ಕಿನ ಎಳೆಗಳು ಹಾದಿರುತ್ತವೆ. ಅವನ್ನು ಯಾರೂ ಮುಟ್ಟುವುದಿಲ್ಲ. ಮೇಲೆ ತಾಂತು ಸರಿಯಾದ ಸ್ವರಕ್ಕೆ ಬಂದಾಗ ಕೆಳಗೆ ಅವು ತಾವೇ ಗುಂಯ್ ಎನ್ನುತ್ತವೆ. ಎರಡಕ್ಕೂ ಹೊಂದಿಕೆ ತಪ್ಪಿದರೆ ಒಳಗೆ ಅತ್ತೆ ಸೊಸೆ ಜಗಳ ಹಚ್ಚಿದಂತಾಗುತ್ತದೆ.

ಮೊದಲ ದಿನ ಬೆಳಿಗ್ಗೆ ಅಜ್ಜ ಹೊರಗಿನ ಪಡಸಾಲೆಯಲ್ಲಿ ಕೂತು ಬಿರಡೆಗಳನ್ನು ತಿರುವಿ ಮೂವತ್ತೆಂಟೂ ತಂತಿಗಳನ್ನು ಹಚ್ಚಿದರು, ಅಂದರೆ ಶ್ರುತಿ ಕೂಡಿಸಿದರು. ನನ್ನ ಹಳೆಯ ಪ್ರೊಫೆಸರರಿಂದ ಕಡ ತಂದ ಒಂದು ಟ್ಯೂನಿಂಗ್ ಫೋರ್ಕು ನನ್ನ ಹತ್ತಿರ ಇತ್ತು. ಎರಡು ಹಲ್ಲಿನ ಉಕ್ಕಿನ ಕವಲು. ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದರೆ ಯಾವಾಗ ಕೇಳಿದರೂ ಅದೇ ಸ್ವರ. ಬಾಯಿಯವರ ಷಡ್ಜಕ್ಕೆ ಅದು ಸರಿಸುಮಾರು ಹೊಂದುತ್ತಿತ್ತು, ಅದನ್ನೇ ಷಡ್ಜ ಎಂದು ನಾನು ಗೊತ್ತುಮಾಡಿದೆ. ಒಳಗೆ ಬಂದು ಕೂತುಕೊಂಡೇ ಹಚ್ಚಬಾರದೇ, ಈ ಬಿಸಿಗಾಳಿಯಲ್ಲಿ ಯಾಕೆ ಎಂದು ಕೇಳಿದೆ.

"ಹಾಡೋರ ಮುಂದ ಬಿರಡಿ ತಿರುವೋದು ನಮ್ಮ ಗುರುಗಳು ಕಲಿಸಿಲ್ರಿ. ಉಣ್ಣಾಕ ಕುಂತೋರ ಮುಂದ ಯಾರರೆ ಅಕ್ಕ್ಯಾಗಿನ ಹರಳ ಆರಿಸ್ತಾರೇನು? ಹಚ್ಚಿಕೊಂಡ ಒಳಗ ಹೋಗಬೇಕು, ಕುಂತಕೂಡ್ಲೆ ನುಡೀಬೇಕು."

ಹಚ್ಚಿಕೊಂಡು ಒಳಗೆ ಬಂದರು. ಒಮ್ಮೆ ಕಮಾನು ಎಳೆದರು, ಇಡೀ ಕೋಣೆ ತುಂಬಿತು. ಸ್ಟೇಶನ್ನು ಹತ್ತಿರವಿದ್ದುದರಿಂದ ಒಂದು ಗೂಡ್ಸ್ ಗಾಡಿ ಹಾದುಹೋಗುವವರೆಗೆ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಆಮೇಲೆ ಸಾಹೇಬ ಗುಂಡು ಇಳಿಬಿಟ್ಟ, ಕೆಂಪು ದೀಪ ಹತ್ತಿತು. ಬಾಯಿಯವರು ಎರಡನೆಯ ಸಾಲಿಗೆ ಬಂದಿದ್ದರು, ತಟ್ಟನೆ ನಿಲ್ಲಿಸಿ ಅಜ್ಜನ ಕಡೆ ನೋಡಿದರು. ಅಜ್ಜ ಕಮಾನು ತೊಡೆಯ ಮೇಲಿಟ್ಟು ತಲೆ ಬಗ್ಗಿಸಿದ್ದರು. ಒಂದು ಮೇಣ ಹೋಯಿತು.

"ತಾಂತು ಏರೇತಿ," ಎಂದರು ಅಜ್ಜ. ಬಾಯಿಯವರ ಮುಂದೆ ಬಿರಡೆ ಮುಟ್ಟಲೊಲ್ಲರು. ಎದ್ದು ಸಾರಂಗಿಯನ್ನು ಹೊರಗೆ ಒಯ್ದರು. ಮತ್ತೆ ಹಚ್ಚಿ ತಂದರು. ಮತ್ತೆ ಕೆಂಪು ದೀಪ. ಈ ಸಲ ಮೊದಲ ಸಾಲಿಗೇ ಕೆಟ್ಟಿತು. ಎರಡನೆಯ ಮೇಣವೂ ಹೋಯಿತು.

ಎರಡು ಸ್ವರಗಳಲ್ಲಿ ತುಸು ಅಂತರವಿದ್ದರೆ ಕಿವಿಗೆ ಅಲೆ ಅಲೆಯಾಗಿ ವಂವ್ ವಂವ್ ಕೇಳುತ್ತದೆ. ಆ ಅಲೆಗಳನ್ನು ಗಡಿಯಾರ ಹಿಡಿದು ಎಣಿಸುವುದನ್ನು ನಾನು ಪ್ರಯೋಗಶಾಲೆಯಲ್ಲಿ ಕಲಿತಿದ್ದೆ. ತಾಂತು ಮತ್ತು ಉಕ್ಕಿನ ನಡುವೆ ಎಣಿಸಿದೆ. ಸೆಕೆಂಡಿಗೆ ನಾಲ್ಕು. ನಾಲ್ಕು ಎಂದರೆ ಬಹಳ. ಆದರೆ ಅಲೆಯ ಎಣಿಕೆ ಅಂತರವನ್ನಷ್ಟೇ ಹೇಳುತ್ತದೆ, ಯಾವುದು ಏರಿತು ಯಾವುದು ಇಳಿಯಿತು ಎಂದು ಹೇಳುವುದಿಲ್ಲ. ಅದನ್ನು ತಲೆ ಹೇಳಬೇಕು. ನನ್ನ ತಲೆ ಹೇಳಿತು.

"ತಾಂತು ಏರಿಲ್ಲ ಅಜ್ಜಾರ. ತಾನಾಗೇ ಏರಾಕ ಅದಕ್ಕೇನ್ ಕಾರಣ ಐತಿ? ಉಕ್ಕು ಇಳದೈತಿ. ಕಾವು ಹತ್ತಿದ್ರ ಲೋಹ ಹಿಗ್ಗತೈತಿ, ಹಿಗ್ಗಿದ್ರ ಸಡಲ. ಕೋಣಿ ಇನ್ನೂ ತಂಪ ಆಗಬೇಕು."

ಅಜ್ಜ ನನ್ನ ಮುಖ ನೋಡಿದರು. "ನೀವು ಓದಿದವ್ರು. ನಮಗ ಏನ್ ಗೊತ್ತಾಗತೈತ್ರಿ. ಕೇಳಿದ್ರ ಏರಿದಂಗ ಕೇಳತೈತಿ," ಎಂದರು.

ತಾಸಿಗೊಮ್ಮೆ ಇದ್ದ ನೀರನ್ನು ಕಾಲು ತಾಸಿಗೊಮ್ಮೆ ಮಾಡಿಸಿದೆ. ಸಾಲದೆಂದು ನಾಲ್ಕು ಮೂಲೆಗೂ ನೀರು ತುಂಬಿದ ಹರವಿ ಇರಿಸಿದೆ. ಸಂಜೆಯ ಹೊತ್ತಿಗೆ ಅಲೆ ಆರಕ್ಕೆ ಏರಿತು.

ನನಗೆ ತಲೆಬುಡ ತಿಳಿಯಲಿಲ್ಲ. ತಂಪಾದರೆ ಉಕ್ಕು ಬಿಗಿಯಾಗಬೇಕು, ಬಿಗಿಯಾಗಿ ತಾಂತಿನ ಹತ್ತಿರ ಬರಬೇಕು. ಅಂತರ ಕಡಿಮೆಯಾಗಬೇಕಾದಲ್ಲಿ ಹೆಚ್ಚಾಗಿದೆ. ಎಣಿಸಿದ್ದು ತಪ್ಪಿರಬೇಕು ಎಂದು ಮತ್ತೆ ಎಣಿಸಿದೆ. ಆರು. ಗಡಿಯಾರ ತಪ್ಪಿರಬೇಕೆಂದು ಸಾಹೇಬನ ಗಡಿಯಾರ ಕೇಳಿ ಪಡೆದು ಎಣಿಸಿದೆ. ಆರು. ಡೈರಿಯಲ್ಲಿ ತಾಂತಿನ ಉದ್ದ, ದಪ್ಪ, ಕಟ್ಟಿಗೆಯ ಅಂಚಿನಿಂದ ತಾಂತಿನ ಎತ್ತರ, ಸಿಕ್ಕಿದ್ದನ್ನೆಲ್ಲ ಅಳೆದು ಬರೆದುಕೊಂಡೆ. ಏನೂ ತಿಳಿಯದವನು ಎಲ್ಲವನ್ನೂ ಬರೆದುಕೊಳ್ಳುತ್ತಾನೆ.

ಎರಡನೆಯ ದಿನ ಅಜ್ಜನಿಗೆ ತಾಂತಿನ ಮೇಲೆಯೇ ಅನುಮಾನ ಬಂತು. "ಮೀರಜದಿಂದ ತರಿಸಿದ್ದು ಈ ಸಲ. ಹಸೀದ ಹುರಿ ಮಾಡ್ಯಾರ ಕಾಣತೈತಿ," ಎಂದು ತಮ್ಮ ಗಂಟಿನಿಂದ ಹಳೆಯ ಒಂದು ಸುರುಳಿ ತೆಗೆದರು. ತುದಿ ಹಿಡಿಯಲು ನನಗೆ ಕೊಟ್ಟರು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಬಂದ ಕೈ ನನ್ನದು. ಆಡಿನ ಕರುಳು. ನಾನು ತಡವರಿಸಿದ್ದು ಅಜ್ಜನಿಗೆ ಕಂಡಿತು.

"ಅಂಜಬ್ಯಾಡ್ರಿ. ಅದು ಈಗ ಆಡಲ್ಲ, ಹಾಡು," ಎಂದು ನಕ್ಕರು. ಆ ಮೂರು ದಿನಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ. ಹಿಡಿದೆ. ಒಣಗಿದ ಹುಲ್ಲಿನ ದಂಟಿನಂತಿತ್ತು.

ಹೊಸದಾಗಿ ಏರಿಸಿದ ತಾಂತು ಹಿಗ್ಗಿ ನೆಲೆ ನಿಲ್ಲಲು ನಾಲ್ಕು ದಿನ ಬೇಕಂತೆ. ನಮ್ಮ ಹತ್ತಿರ ನಾಲ್ಕು ದಿನ ಎಲ್ಲಿತ್ತು? ಆ ಬೆಳಿಗ್ಗೆ ಬದಲಿಸಿದ ತಂತಿ ಇಳಿಯುತ್ತ ಹೋಯಿತು, ಬದಲಿಸದೆ ಬಿಟ್ಟ ಎರಡು ಏರುತ್ತ ಹೋದವು. ಎರಡು ಮೇಲೆ, ಒಂದು ಕೆಳಗೆ, ಉಕ್ಕು ಯಾವ ದಿಕ್ಕಿಗೋ. ನನ್ನ ಡೈರಿಯ ಆ ಪುಟ ಈಗಲೂ ಇದೆ. ಅದರ ಮೇಲೆ ಎಷ್ಟೊಂದು ಹೊಡೆದುಹಾಕಿದ ಅಂಕಿಗಳಿವೆ ಎಂದರೆ ಓದಲಿಕ್ಕೆ ಆಗುವುದಿಲ್ಲ. ಅಜ್ಜ ಎದ್ದು ಹೋಗಿ ಮೀರಜದ ಮೊದಲಿನ ತಾಂತನ್ನೇ ಮತ್ತೆ ಏರಿಸಿಕೊಂಡು ಬಂದರು. ಮಧ್ಯಾಹ್ನದವರೆಗೆ ಮತ್ತೆ ಮೂರು ಮೇಣ ಹಾಳಾದವು.

ಸಾವಕಾರರು ಹುಬ್ಬಳ್ಳಿಯಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಪಡಸಾಲೆಯಲ್ಲಿ ನಿಂತರು.

"ಏನ್ ಬೀಎಸ್ಸಿ ಸಾಹೇಬ್ರ, ಐದು ಮೇಣ ತಿಂದು ನೀರ ಕುಡದ್ರ್ಯಾ?"

"ಇವತ್ತು ಗೊತ್ತಾಗತೈತ್ರಿ."

"ಗೊತ್ತಾಗೂದು ನಿಮ್ಮ ಸಾಲ್ಯಾಗ ಇಟ್ಕೋರಿ. ನಾಳಿ ಮಧ್ಯಾಹ್ನ ಹನ್ನೆರಡಕ್ಕ ಪೇಟಿಯವನ್ನ ಕೂಡಸ್ತೇನಿ. ಅದರೊಳಗ ಆದ್ರ ಸಾರಂಗಿ, ಇಲ್ಲಂದ್ರ ನಾಲ್ಕೂ ಹಾಡು ಪೇಟಿ ಮ್ಯಾಲೆ. ಸಾಹೇಬಗೂ ಹೇಳೇನಿ."

ಅಜ್ಜ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಎಲ್ಲವೂ ಕೇಳಿಸಿರಬೇಕು. ಅವರು ರೊಟ್ಟಿಯ ಗಂಟು ಬಿಚ್ಚಿ ನಿಧಾನವಾಗಿ ಮುರಿಯತೊಡಗಿದರು.

ನಾನು ಒಳಗೆ ಹೋಗಿ ಸಾರಂಗಿಯ ಮುಂದೆ ಕೂತೆ. ಎರಡು ದಿನ ತಾಂತನ್ನೂ ಉಕ್ಕನ್ನೂ ಒಂದಕ್ಕೊಂದು ಹೋಲಿಸುತ್ತ ಬಂದಿದ್ದೆ. ಎರಡನ್ನೂ ಬೇರೆ ಬೇರೆಯಾಗಿ ಫೋರ್ಕಿಗೆ ಹೋಲಿಸಿರಲಿಲ್ಲ. ಇಷ್ಟು ಸರಳ ಕೆಲಸ ನನಗೆ ಹೊಳೆಯದಿದ್ದುದಕ್ಕೆ ಒಂದೇ ಕಾರಣ, ಉತ್ತರ ನನಗೆ ಮೊದಲೇ ಗೊತ್ತಿದೆ ಎಂದುಕೊಂಡಿದ್ದೆ. ಮೊದಲು ಒಂದು ಉಕ್ಕಿನ ಎಳೆ ಮೀಟಿದೆ. ಫೋರ್ಕಿಗಿಂತ ಮೂರು ಅಲೆ ದೂರ. ಬಿರಡೆಯನ್ನು ಕೂದಲೆಳೆಯಷ್ಟು ಬಿಗಿ ಮಾಡಿದೆ, ಅಲೆ ಕಡಿಮೆಯಾಯಿತು. ಹಾಗಾದರೆ ಉಕ್ಕು ಇಳಿದಿತ್ತು, ನಾನು ಹೇಳಿದ್ದು ಸರಿ. ಆಮೇಲೆ ತಾಂತು. ಅದೂ ಮೂರು ಅಲೆ ದೂರ. ಬಿಗಿ ಮಾಡಿದೆ, ಅಲೆ ಹೆಚ್ಚಾಯಿತು. ಸಡಿಲ ಬಿಟ್ಟೆ, ಕಡಿಮೆಯಾಯಿತು. ಅಂದರೆ ತಾಂತು ಏರಿತ್ತು. ಅಜ್ಜ ಹೇಳಿದ್ದೂ ಸರಿ.

ಒಂದೇ ಕೋಣೆ, ಒಂದೇ ಕಟ್ಟಿಗೆ, ಒಂದೇ ಕುದುರೆ. ಅದರ ತಲೆಯ ಮೇಲಿನದು ಏರುತ್ತದೆ, ಹೊಟ್ಟೆಯೊಳಗಿನದು ಇಳಿಯುತ್ತದೆ. ಇಂಥದೊಂದು ಲೆಕ್ಕ ನಾನು ಓದಿದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಡೈರಿ ತೆಗೆದು, ಮಾಡಲು ಬೇರೇನೂ ತೋಚದೆ, ಮೊದಲ ದಿನ ಅಳೆದದ್ದನ್ನೇ ಮತ್ತೆ ಅಳೆಯತೊಡಗಿದೆ. ಉದ್ದ ಅಷ್ಟೇ. ಕಟ್ಟಿಗೆಯ ಅಂಚಿನಿಂದ ತಾಂತಿನ ಎತ್ತರ ಜೋಳದ ಕಾಳಿನ ಅರ್ಧದಷ್ಟು ಕಡಿಮೆ. ಕುದುರೆ ಸವೆದಿರಲು ಸಾಧ್ಯವಿಲ್ಲ. ಹೆಬ್ಬೆರಳಿನಿಂದ ಚರ್ಮ ಒತ್ತಿ ನೋಡಿದೆ. ಹದ ಮಾಡಿದ ಕಣಕದ ಹಾಗೆ ಒಳಗೆ ಹೋಯಿತು.

ನಮ್ಮೂರಲ್ಲಿ ಹಲಗೆ ಬಾರಿಸುವವರು ಮೊದಲು ಹುಲ್ಲಿನ ಬೆಂಕಿಗೆ ಅದನ್ನು ಹಿಡಿಯುತ್ತಿದ್ದರು. ತಂಡಿಗೆ ಚರ್ಮ ಜೋಲುತ್ತದೆ, ಇದು ಕೂಸಿಗೂ ಗೊತ್ತು. ಚರ್ಮ ಜೋತರೆ ಕುದುರೆ ಕುಸಿಯುತ್ತದೆ, ಕುಸಿದರೆ ಎಲ್ಲ ತಂತಿಗಳೂ ಇಳಿಯಬೇಕು. ಹಾಗಾದರೆ ತಾಂತು? ಅದರ ಮೇಲೆ ಬೆರಳಾಡಿಸಿದೆ. ಹುರಿ. ನೂತ ಹುರಿ. ಅಪ್ಪ ಮೋಡ ಕಂಡಕೂಡಲೇ ಹಿತ್ತಲಿಂದ ಕೂಗುತ್ತಿದ್ದುದು ನೆನಪಾಯಿತು: "ಏ, ಹಗ್ಗಾ ಸಡ್ಲ ಬಿಡ್ರೋ, ಮಳಿ ಬಂತು!" ನೆನೆದ ಹಗ್ಗ ಗಿಡ್ಡಾಗುತ್ತದೆ, ಬಿಗಿದ ಗೂಟವನ್ನೇ ಕೀಳುತ್ತದೆ. ಹೊಲದಲ್ಲಿ ಹನ್ನೆರಡು ವರ್ಷ ನೋಡಿದ್ದನ್ನು ಕಾಲೇಜಿಗೆ ಹೋಗುವಾಗ ಊರಲ್ಲೇ ಬಿಟ್ಟುಹೋಗಿದ್ದೆ.

ಹೊರಗೆ ಬಂದು ಅಜ್ಜನಿಗೆ ಹೇಳಿದೆ. ಅವರ ಬಾಯಲ್ಲಿ ತುತ್ತಿತ್ತು.

"ಮಳಿಗಾಲದಾಗ ತಾಂತು ಏರತೈತಿ, ಅದು ಗೊತ್ತೈತ್ರಿ ನನಗ. ಆದ್ರ ಈಗ ಮಳಿ ಎಲ್ಲೈತಿ? ಆಕಾಶ ನೋಡ್ರಿ, ಹಂಚಿನಂಗ ಕಾದೈತಿ."

ನಾನು ಒಳಗಿನ ತಟ್ಟಿಗಳನ್ನು ತೋರಿಸಿದೆ. ನೀರು ತೊಟ್ಟಿಕ್ಕುತ್ತಿತ್ತು. ಅಜ್ಜ ಎದ್ದು ಬಂದು ತಟ್ಟಿಗೆ ಬೆರಳು ಒತ್ತಿ ನೋಡಿದರು.

"ನಾ ಅದು ಬರೇ ತಂಪಿಗಂತ ತಿಳಕೊಂಡಿದ್ದೆ."

"ನಾನೂ ಹಂಗ ತಿಳಕೊಂಡಿದ್ದೆ, ಅಜ್ಜಾರ."

ಬಿಸಿ ಒಣಗಾಳಿಯ ಪಡಸಾಲೆಯಲ್ಲಿ ಹಚ್ಚುವುದು, ನನ್ನ ಕೈಯಾರೆ ಮಳೆಗಾಲ ಮಾಡಿಟ್ಟ ಕೋಣೆಯಲ್ಲಿ ನುಡಿಸುವುದು. ಕೆಟ್ಟಾಗಲೆಲ್ಲ ಹೊರಗೊಯ್ದು ಒಣಗಿಸಿ ತರುವುದು. ಎರಡು ದಿನ ನಾವು ಮಾಡಿದ್ದು ಇದೇ.

ಸಾಹೇಬನ ಹತ್ತಿರ ಹೋಗಿ ತಪ್ಪು ನನ್ನದೆಂದು ಇಂಗ್ಲಿಷಿನಲ್ಲಿ ಹೇಳಿದೆ. ಆ ವಾಕ್ಯವನ್ನು ಪಡಸಾಲೆಯಲ್ಲಿ ಎರಡು ಸಲ ಹೇಳಿಕೊಂಡು ಹೋಗಿದ್ದೆ. ಅವನಿಗೆ ಸಿಟ್ಟು ಬರಲಿಲ್ಲ. ತಟ್ಟಿ ತೆಗೆಸಿ ಒಂದು ತಾಸು ಬಿಟ್ಟು, ಹಾಳಾದ ಮೇಣವೊಂದನ್ನು ಯಂತ್ರಕ್ಕೆ ಏರಿಸಿ ಮುಳ್ಳು ಇಳಿಸಿದ. ಮೇಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಅವನು ಭುಜ ಕುಣಿಸಿ, ತಟ್ಟಿ ಇರಲೇಬೇಕು ಎಂದ. ಮೇಣಕ್ಕೆ ತಂಪು ಬೇಕು, ಸಾರಂಗಿಗೆ ಒಣ ಹವೆ ಬೇಕು. ಕಾರಣ ಸಿಕ್ಕಿತೆಂದು ಹಿಗ್ಗಿದವನು ಮೊದಲಿಗಿಂತ ಹೆಚ್ಚು ಗೊಂದಲದಲ್ಲಿ ಬಿದ್ದೆ.

ಸಂಜೆ ಒಂದು ನಿರ್ಧಾರಕ್ಕೆ ಬಂದೆ. ಕೋಣೆಯನ್ನು ಸಾರಂಗಿಗೆ ಹೊಂದಿಸಲು ಆಗದಿದ್ದರೆ ಸಾರಂಗಿಯನ್ನೇ ಕೋಣೆಗೆ ಹೊಂದಿಸುವುದು. ಗವಸು ತೆಗೆದು ಅದನ್ನು ಅಲ್ಲೇ ಬಿಡುವುದು. ಎಷ್ಟು ಏರಬೇಕೋ ಏರಲಿ, ಎಷ್ಟು ಇಳಿಯಬೇಕೋ ಇಳಿಯಲಿ. ಎಲ್ಲವೂ ನಿಂತ ಮೇಲೆ, ನಿಂತಲ್ಲಿಯೇ, ಒಳಗೇ ಹಚ್ಚುವುದು. ಫೋರ್ಕನ್ನು ಟ್ರಂಕಿನಲ್ಲಿಟ್ಟೆ. ತಾಂತು ಎಲ್ಲಿ ನಿಲ್ಲುತ್ತದೋ ಅದೇ ಷಡ್ಜ.

ವಾದ್ಯವನ್ನು ಬಿಟ್ಟುಹೋಗಲು ಅಜ್ಜ ಹೇಗೋ ಒಪ್ಪಿದರು. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಬಂದವರು ಮಾತ್ರ ರೂಢಿಯಂತೆ ಅದನ್ನು ಬಗಲಲ್ಲಿ ಎತ್ತಿಕೊಂಡು ಪಡಸಾಲೆಯ ಕಡೆ ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಳಗ ಹಚ್ಚಬೇಕ್ರಿ ಅಜ್ಜಾರ. ಹೊಸ್ತಿಲ ದಾಟಿದ್ರ ಎಲ್ಲಾ ಮೊದಲಿನಂಗ."

"ಬಾಯಾರು ಬರೂ ಹೊತ್ತಾತು."

"ಬರ್ಲಿ."

"ಅವರವ್ವನ ಮುಂದ ಒಂದಿನ ಬಿರಡಿ ತಿರುವಿಲ್ಲ ನಾ. ಈಗ ಈ ಯಂತ್ರದ ಸಲುವಾಗಿ ತಿರುವ್ಲ್ಯಾ?" ಅವರ ದನಿ ಏರಿತು. "ಪೇಟಿಯವನ್ನ ಕರೀರಿ. ಸುಮ್ಮನ ಮನಿಗೆ ಹೋಗ್ತೇನಿ."

ಅಷ್ಟರಲ್ಲಿ ಬಾಯಿಯವರು ಬಂದೇಬಿಟ್ಟರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎಲೆಯಡಿಕೆಯ ಡಬ್ಬಿ ಕೆಳಗಿಟ್ಟು ಅಜ್ಜನನ್ನು ನೋಡಿದರು.

"ತೊಟ್ಟಲದಾಗ ಮಲಗಿ ನಿಮ್ಮ ಬಿರಡಿ ಸಪ್ಪಳಾ ಕೇಳೇನಿ ನಾ. ಆವಾಗ ಹಿಂಗ ಸಿಟ್ಟ ಮಾಡಿದ್ರ್ಯಾ?"

"ಆವಾಗ ನೀವು ಹಾಡೋರಾಗಿರಲಿಲ್ಲ. ಅಳೋರಾಗಿದ್ರಿ."

ಬಾಯಿಯವರು ನಕ್ಕುಬಿಟ್ಟರು. ಆಮೇಲೆ ಸೀರೆಯ ಸೆರಗು ಸರಿಪಡಿಸಿಕೊಂಡು, ಅಜ್ಜನಿಗೆ ಬೆನ್ನು ಮಾಡಿ, ಗೋಡೆಯ ಕಂಬಳಿಗೆ ಮುಖ ಹಚ್ಚಿ ಜಮಖಾನೆಯ ಮೇಲೆ ಕೂತರು.

"ನಾ ಇನ್ನೂ ಬಂದಿಲ್ಲಂತ ತಿಳ್ಕೋರಿ," ಎಂದರು ಗೋಡೆಗೆ.

ಒಂದೂಕಾಲು ತಾಸು ಅವರು ಹಾಗೆಯೇ ಕೂತಿದ್ದರು. ಒಮ್ಮೆಯೂ ತಿರುಗಲಿಲ್ಲ. ಅಜ್ಜ ಮೂರು ತಾಂತು, ಮೂವತ್ತೈದು ಉಕ್ಕು, ಒಂದೊಂದಾಗಿ ಹಚ್ಚಿದರು. ಬಿರಡೆ ಕಿರ್ ಎಂದಾಗಲೆಲ್ಲ ಬಾಯಿಯವರ ಬೆನ್ನಿನ ಕಡೆ ಕಳ್ಳನ ಹಾಗೆ ನೋಡುತ್ತಿದ್ದರು. ನಡುವೆ ಎರಡು ರೈಲುಗಾಡಿಗಳು ಹಾದುಹೋದವು, ಪ್ರತಿಸಲವೂ ಕೈ ತಡೆದು ಕಾದರು. ನೀರು ಹೊಡೆಯುವುದನ್ನು ತಾಸಿಗೊಮ್ಮೆಗೇ ತಂದು, ಒಮ್ಮೆ ಎಷ್ಟು ಕೊಡ ಎಂಬುದನ್ನೂ ಗೊತ್ತುಮಾಡಿದ್ದೆ. ಹರವಿಗಳನ್ನು ಹೊರಗೆ ಇರಿಸಿದ್ದೆ. ಹತ್ತಾಯಿತು. ಹತ್ತೂವರೆಯಾಯಿತು. ಪೇಟಿಯವ ಬಂದು ಪಡಸಾಲೆಯಲ್ಲಿ ಕೂತು ಒಂದೆರಡು ಸ್ವರ ಒತ್ತಿ ನೋಡಿದ. ಸಾವಕಾರರು ಅವನ ಕೈ ಹಿಡಿದು ಸುಮ್ಮನಿರಿಸಿದರು. ಅಷ್ಟು ಮರ್ಯಾದೆ ಅವರಿಗೂ ಇತ್ತು.

ಅಜ್ಜ ಕಮಾನು ಎಳೆದರು. ಕೆಳಗಿನ ಮೂವತ್ತೈದೂ ಒಟ್ಟಿಗೆ ಗುಂಯ್ ಎಂದವು. ಬಾಯಿಯವರು ಗೋಡೆಯಿಂದ ತಿರುಗಿ, ಆಗಷ್ಟೇ ಒಳಗೆ ಬಂದವರಂತೆ ಅಜ್ಜನಿಗೆ ನಮಸ್ಕಾರ ಮಾಡಿದರು. ಸಾರಂಗಿಯಿಂದ ಷಡ್ಜ ಹಿಡಿದು ತಂಬೂರಿ ಹಚ್ಚಿಸಿಕೊಂಡರು. ಕಾಯ್ದೆವು. ಕಾಲು ತಾಸು ಕಳೆಯಿತು, ಕದಲಲಿಲ್ಲ. ಸಾಹೇಬ ಗುಂಡು ಇಳಿಬಿಟ್ಟ. ಕೆಂಪು ದೀಪ.

ಮೂರು ನಿಮಿಷ. ನಾನು ಉಸಿರು ಬಿಡಲಿಲ್ಲ ಎಂದರೆ ಸುಳ್ಳು, ಬಿಟ್ಟೆ, ಸಪ್ಪಳಾಗದಂತೆ ಬಿಟ್ಟೆ. ದೀಪ ಆರಿತು. ಸಾಹೇಬ ಸೂಕ್ಷ್ಮದರ್ಶಕ ಹಿಡಿದು ಗೆರೆ ನೋಡಿ, ಕೊರೆತ ಚೆನ್ನಾಗಿದೆ ಎಂದ. ಸ್ವರದ ಮಾತು ತನಗೆ ತಿಳಿಯದು, ನೀನು ಹೇಳು, ಪಾಸೋ ನಪಾಸೋ ಎಂದು ನನ್ನ ಕಡೆ ನೋಡಿದ.

ಫಾರ್ಮು ನನ್ನ ಕೈಯಲ್ಲಿತ್ತು. ನನಗೆ ಚೆನ್ನಾಗಿ ಕೇಳಿಸಿತ್ತು. ಆದರೆ ನನ್ನ ಕಿವಿಯ ಮೇಲೆ ನನಗೆ ಆ ಹೊತ್ತಿಗೆ ಯಾವ ನಂಬಿಕೆಯೂ ಉಳಿದಿರಲಿಲ್ಲ. ಅಜ್ಜನ ಹತ್ತಿರ ಹೋಗಿ ಮೊಣಕಾಲೂರಿ ಕೂತೆ.

"ಹೆಂಗಾತ್ರಿ?"

ಅಜ್ಜ ಕಮಾನಿನ ಕೂದಲು ಸಡಿಲಿಸುತ್ತಿದ್ದರು. "ಕಡೀ ಸಾಲಿನ್ಯಾಗ ಏರಿತು. ಎಳಿಯಷ್ಟು. ಏರಿದ್ದು ಖರೇ. ಹೊಡದ ಹಾಕ್ರಿ."

"ಅಜ್ಜಾರ, ಹನ್ನೊಂದೂಮುಕ್ಕಾಲು ಆಗೇತಿ."

"ಆಗ್ಲಿ. ಇದೊಂದ ಉಳಿಯೂದೈತಿ ಅಂದಮ್ಯಾಲೆ ತಪ್ಪ್ಯಾಕ ಉಳೀಬೇಕು? ಪೇಟಿ ಕೂಡಸ್ರಿ."

ನಾನು ಬಾಯಿಯವರ ಕಡೆ ನೋಡಿದೆ.

"ಏರಿದ್ದು ನನಗೂ ತಿಳೀತು," ಎಂದರು ಅವರು. "ನಾನೂ ಸಂಗಾಟ ಏರಿದೆ. ಅವರ್ನ ಬಿಟ್ಟು ನಾ ಒಬ್ಬಾಕಿ ಕೆಳಗ ನಿಂತು ಏನ್ ಮಾಡ್ಲಿ? ಕೂಡೇ ಇದ್ವಿ."

"ತಂಬೂರಿ ಏರಿಲ್ಲಲ್ಲವಾ," ಎಂದರು ಅಜ್ಜ.

"ತಂಬೂರಿ ಹಿಂದಿತ್ತು. ಯಾರಿಗೆ ಕೇಳತೈತಿ?"

"ನನಗ ಕೇಳತೈತಿ."

ಯಾಕೆ ಏರಿತು? ನೀರು ಹೊಡೆದು ಮುಕ್ಕಾಲು ತಾಸಾಗಿತ್ತು, ಏರುವ ಬದಲು ಇಳಿಯಬೇಕಿತ್ತು. ಏಳೆಂಟು ಮಂದಿಯ ಉಸಿರಿಗೋ, ಅಜ್ಜನ ಬೆವರಿದ ಬೆರಳಿಗೋ, ಅಥವಾ ಏರಲೇ ಇಲ್ಲವೋ, ಎರಡು ದಿನ ಅಂಜಿದ ಕಿವಿಗೆ ಹಾಗೆ ಕೇಳಿಸಿತೋ. ಅಲೆ ಎಣಿಸೋಣವೆಂದರೆ ಹಾಡು ಮೇಣದೊಳಗೆ ಹೋಗಿಬಿಟ್ಟಿದೆ, ತೆಗೆದು ಕೇಳಿದರೆ ಅದು ಸಾಯುತ್ತದೆ. ಸಾಹೇಬ ಇನ್ನೊಮ್ಮೆ ಕೇಳಿದ. ನಾನು ಎದ್ದು ನಿಂತೆ. ಪುರಾವೆ ತೋರಿಸಲಾಗದ ಒಂದು ಮಾತನ್ನೂ ಆವರೆಗೆ ಯಾರೆದುರೂ ಹೇಳಿದವನಲ್ಲ. ಪಾಸು ಎಂದೆ. ಫಾರ್ಮಿನಲ್ಲಿ ಬರೆದು, ಕೆಳಗೆ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ. ಎಂದೂ ಬರೆದೆ.

ಹನ್ನೆರಡಕ್ಕೆ ಸಾವಕಾರರು ಮಾತಿನಂತೆ ಪೇಟಿಯವನನ್ನು ಕೂಡಿಸಿದರು. ಉಳಿದ ಮೂರು ಹಾಡುಗಳು ಸಂಜೆಯೊಳಗೆ ಒಂದೇ ಒಂದು ಮೇಣ ಕೆಡದಂತೆ ಮುಗಿದವು. ಅಜ್ಜ ನನ್ನ ಜೊತೆ ಮಾತಾಡದೆ, ಸಾರಂಗಿಗೆ ಗವಸು ಹಾಕಿ ಬಗಲಲ್ಲಿಟ್ಟುಕೊಂಡು ಹೋದರು.

ತಟ್ಟೆ ಬಂದದ್ದು ದೀಪಾವಳಿಯ ಹೊತ್ತಿಗೆ. ನಾನು ಅಷ್ಟರಲ್ಲಿ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಅಜ್ಜನಿಗೆ ಹೇಳಿ ಕಳಿಸಿ, ಒಂದು ರವಿವಾರ ಹುಬ್ಬಳ್ಳಿಯ ಅಂಗಡಿಗೆ ಕರೆದುಕೊಂಡು ಹೋದೆ. ಅವರು ಬರುತ್ತಾರೆಂಬ ಭರವಸೆ ಇರಲಿಲ್ಲ, ಬಂದರು. ಕುರ್ಚಿ ಕೊಟ್ಟರೆ ಕೂಡಲಿಲ್ಲ. ರುಮಾಲು ತೆಗೆದು ಕೈಯಲ್ಲಿ ಹಿಡಿದು, ಯಂತ್ರದ ಕಹಳೆಯ ಮುಂದೆ ಕಿವಿ ಒಡ್ಡಿ ನಿಂತರು. ನಾನೇ ಕೀಲಿ ಕೊಟ್ಟು ಮುಳ್ಳು ಇಟ್ಟೆ. ಸರ್ ಸರ್ ಸಪ್ಪಳ, ಆಮೇಲೆ ಬಾಯಿಯವರು, ಅವರ ಹಿಂದೆಯೇ ನೆರಳಿನ ಹಾಗೆ ಸಾರಂಗಿ. ಕೊನೆಯ ಸಾಲು ಬಂದಾಗ ಅಜ್ಜ ನನ್ನ ಕಡೆ ತಿರುಗಿ ತೋರುಬೆರಳನ್ನು ತುಸುವೇ ಮೇಲೆ ಎತ್ತಿದರು.

"ಏರೇತಿ," ಎಂದರು.

ನಾನು ತಲೆ ತಗ್ಗಿಸಿದೆ. ಮುಳ್ಳು ಒಳಗಿನ ಅಂಚಿಗೆ ಹೋಗಿ ಕಟಕಟ ಎನ್ನತೊಡಗಿತು.

"ಇನ್ನೊಮ್ಮೆ ಹಚ್ರಿ," ಎಂದರು ಅಜ್ಜ.

ಹಚ್ಚಿದೆ. ಅದೇ ಸಾಲಿಗೆ ಮತ್ತೆ ಬೆರಳು ಮೇಲೆ ಹೋಯಿತು. ಮತ್ತೆ ಹಚ್ಚಲು ಹೇಳಿದರು. ನಾಲ್ಕು ಸಲ ಕೇಳಿದರು, ನಾಲ್ಕೂ ಸಲ ಅದೇ ಜಾಗದಲ್ಲಿ ಬೆರಳು ಎತ್ತಿದರು. ನಾಲ್ಕೂ ಸಲ ನಾನು ಕಿವಿ ಕೊಟ್ಟು ಕೇಳಿದೆ. ಏರಿದ್ದು ನನಗೆ ಕೇಳಿಸಲಿಲ್ಲ.